ಬಾಯಿಬಿಟ್ಟಾಗ ಕಾಣುವ ತಪ್ಪು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಎಂ. ಎಲ್. ಜಾನ್ಸನ್ ಅಬರ್‌ಕ್ರೋಂಬಿ ಎಂಬ ಅಧ್ಯಾಪಕಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿಸುತ್ತಿದ್ದರು. ವೈದ್ಯಕೀಯ ಓದಲು ಬಂದ ವಿದ್ಯಾರ್ಥಿಗಳ ಮುಂದೆ ಅವರು ಎರಡು ಎಕ್ಸ್‌ರೇ ಚಿತ್ರಗಳನ್ನಿಟ್ಟು, ಅವುಗಳ ನಡುವೆ ಕಾಣುವ ವ್ಯತ್ಯಾಸಗಳನ್ನು ಬರೆಯಲು ಹೇಳುತ್ತಿದ್ದರು. ಎರಡೂ ಮನುಷ್ಯರ ಕೈಯ ಚಿತ್ರಗಳೇ. ಕಂಡದ್ದನ್ನು ಬರೆಯುವುದಷ್ಟೇ ಕೆಲಸ. ಆದರೆ ಬಂದ ಉತ್ತರಗಳಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬಿಡಿಸುವುದೇ ಕಷ್ಟವಾಗುತ್ತಿತ್ತು. ಇದು ಎಳೆಯ ವಯಸ್ಸಿನವರ ಕೈ, ಅದು ದೊಡ್ಡವರದು ಎಂಬಂಥ ಮಾತೂ ಕಣ್ಣಿಗೆ ಕಂಡ ಸಂಗತಿಗಳ ಪಟ್ಟಿಯಲ್ಲೇ ಸೇರಿಬಿಡುತ್ತಿತ್ತು. ಎಕ್ಸ್‌ರೇ ಫಿಲ್ಮಿನ ಮೇಲೆ ವಯಸ್ಸು ಮೂಡುವುದಿಲ್ಲ. ಬೆಳೆಯುವ ಮಕ್ಕಳ ಎಲುಬಿನ ತುದಿಯ ಹತ್ತಿರ ಇನ್ನೂ ಎಲುಬಾಗದ ಮೃದ್ವಸ್ಥಿಯ ಪಟ್ಟಿಯೊಂದು ಇರುತ್ತದೆ. ಎಲುಬು ತಡೆಯುವಷ್ಟು ಎಕ್ಸ್‌ರೇಯನ್ನು ಅದು ತಡೆಯದ ಕಾರಣ ಫಿಲ್ಮಿನಲ್ಲಿ ಆ ಜಾಗ ಕಪ್ಪು ಸಂದಿನಂತೆ ಕಾಣುತ್ತದೆ. ಕಣ್ಣಿಗೆ ಕಾಣುವುದು ಆ ಸಂದು. ಅಲ್ಲಿರುವುದು ಮೃದ್ವಸ್ಥಿ ಎನ್ನುವುದು ಓದಿನಿಂದ ಬಂದ ತಿಳಿವಳಿಕೆ. ಹಾಗಾಗಿ ಇದು ಮಗುವಿನ ಕೈ ಎನ್ನುವುದು ಆ ತಿಳಿವಳಿಕೆಯ ಆಧಾರದ ಮೇಲೆ ಮಾಡಿದ ತೀರ್ಮಾನ. ಇಲ್ಲಿ ತೀರ್ಮಾನ ಸರಿಯೇ ಇರಬಹುದು. ಆದರೆ ಮುರಿತದ ಗೆರೆಯೂ ಫಿಲ್ಮಿನಲ್ಲಿ ಕಪ್ಪಾಗಿಯೇ ಕಾಣುತ್ತದೆ. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವಿನ ಗಡಿ ತಿಳಿಯದ ವೈದ್ಯರಿಗೆ, ಮಗುವಿನ ಮಣಿಕಟ್ಟಿನಲ್ಲಿ ಕಂಡ ಗೆರೆ ಮುರಿತವೋ ಬೆಳವಣಿಗೆಯ ಪಟ್ಟಿಯೋ ಎಂದು ನಿಂತು ಕೇಳಿಕೊಳ್ಳಬೇಕೆಂಬುದೇ ಹೊಳೆಯುವುದಿಲ್ಲ.

ಇಲ್ಲಿ ಅಬರ್‌ಕ್ರೋಂಬಿ ಗಮನಿಸಿದ ಮುಖ್ಯ ಸಂಗತಿಯೆಂದರೆ, ವಿದ್ಯಾರ್ಥಿ ಒಬ್ಬನೇ ಕುಳಿತಿರುವವರೆಗೆ ಈ ಬೆರಕೆ ಅವನ ಅರಿವಿಗೆ ಬರುವುದೇ ಇಲ್ಲ. ಪಕ್ಕದವಳು ಅದೇ ಚಿತ್ರ ನೋಡಿ ಬೇರೆಯದನ್ನೇ ಬರೆದಿದ್ದಾಳೆ ಎಂದು ತಿಳಿದಾಗ ಮಾತ್ರ, ನಾನು ಹೀಗೇಕೆ ಬರೆದೆ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಅವರು ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಮೊದಲು ತಾವೊಬ್ಬರೇ ಬರೆದುಕೊಂಡು ಆಮೇಲೆ ಪರಸ್ಪರ ಹೋಲಿಸಿ ಮಾತಾಡುವ ಒಂದು ಕೋರ್ಸನ್ನೇ ರೂಪಿಸಿದರು. ತಾವು ಸರಿ ಉತ್ತರ ಹೇಳುವ ಬದಲು ಚರ್ಚೆಗೆ ದಾರಿ ಮಾಡಿಕೊಟ್ಟರು. ಕೋರ್ಸು ಮುಗಿಸಿದವರನ್ನೂ ಅದನ್ನು ಇನ್ನೂ ತೆಗೆದುಕೊಳ್ಳದವರನ್ನೂ ಪರೀಕ್ಷಿಸಿದಾಗ, ಚರ್ಚೆಯಲ್ಲಿ ಪಳಗಿದವರು ಕಂಡದ್ದನ್ನು ಊಹೆಯಿಂದ ಹೆಚ್ಚು ಸ್ಪಷ್ಟವಾಗಿ ಬೇರ್ಪಡಿಸಿದರು, ಆಧಾರವಿಲ್ಲದ ತೀರ್ಮಾನಗಳನ್ನು ಕಡಿಮೆ ಮಾಡಿದರು, ಒಂದೇ ವಿವರಣೆಗೆ ಅಂಟಿಕೊಳ್ಳದೆ ಬೇರೆ ಸಾಧ್ಯತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 1960ರಲ್ಲಿ ಪ್ರಕಟವಾದ ಅವರ ‘ದಿ ಅನಾಟಮಿ ಆಫ್ ಜಡ್ಜ್‌ಮೆಂಟ್’ ಈ ಪ್ರಯೋಗದ ಕಥನ. ಗುಂಪು ಚರ್ಚೆಯ ಬಗ್ಗೆ ನಮ್ಮಲ್ಲಿ ಇಂದು ನಡೆಯುವ ಮಾತುಕತೆಯಲ್ಲಿ ಈ ಹಳೆಯ ಪುಸ್ತಕದ ತಿರುಳೇ ಕಳೆದುಹೋಗಿದೆ. ಕ್ಲಾಸು ನೀರಸವಾಗಬಾರದು, ಮಕ್ಕಳು ಚುರುಕಾಗಿರಲಿ, ಸಂಕೋಚ ಹೋಗಲಿ ಎಂಬ ಕಾರಣಗಳಿಗಾಗಿ ಚರ್ಚೆ ಬೇಕೆನ್ನುತ್ತೇವೆ. ಅವೆಲ್ಲ ಮೇಲುಮೇಲಿನ ಲಾಭಗಳು. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದುವವರಿಗೆ ಚರ್ಚೆ ಬೇಕಾಗಿರುವುದು ಇನ್ನೂ ಗಟ್ಟಿಯಾದ ಕಾರಣಕ್ಕೆ. ಅವರ ವೃತ್ತಿ ನಿಂತಿರುವುದು ತೀರ್ಮಾನದ ಮೇಲೆ. ತೀರ್ಮಾನದಲ್ಲಿ ನುಸುಳುವ ತಪ್ಪು ತೀರ್ಮಾನ ಮಾಡುವವರ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಹೊರಗೆ ತರಲು ಒಬ್ಬ ವಿದ್ಯಾರ್ಥಿಗೆ ಸಿಗುವ ಅತ್ಯಂತ ಅಗ್ಗದ, ಅತ್ಯಂತ ನಂಬಬಹುದಾದ ಸಾಧನ ಇನ್ನೊಬ್ಬ ವಿದ್ಯಾರ್ಥಿ.

ಈ ಮಾತಿಗೆ ಆಸ್ಪತ್ರೆಯಿಂದಲೇ ಸಾಕ್ಷ್ಯವಿದೆ. ಅಮೆರಿಕದ ವೈದ್ಯ ಮಾರ್ಕ್ ಗ್ರೇಬರ್ ಮತ್ತು ಸಂಗಡಿಗರು ರೋಗನಿರ್ಣಯ ತಪ್ಪಿದ 100 ಪ್ರಕರಣಗಳನ್ನು ಕೆದಕಿ ನೋಡಿ 2005ರಲ್ಲಿ ಪ್ರಕಟಿಸಿದರು. ಯೋಚನೆಯ ತಪ್ಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು, ಮೊದಲು ಹೊಳೆದ ಕಾಯಿಲೆಗೇ ಮನಸ್ಸು ಮಾಡಿ ಹುಡುಕಾಟ ನಿಲ್ಲಿಸಿಬಿಡುವುದು. ವೈದ್ಯರಿಗೆ ಗೊತ್ತಿಲ್ಲದ ಕಾಯಿಲೆಯಿಂದಾಗಿ ಆದ ತಪ್ಪುಗಳು ತೀರ ಕಡಿಮೆಯಿದ್ದವು. ಅಂದರೆ ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿತ್ತು, ಬೇಕಾದ ಹೊತ್ತಿಗೆ ಅದು ಪ್ರಶ್ನೆಯಾಗಿ ಮೇಲೆ ಬರಲಿಲ್ಲ. ಹಾಗಿದ್ದರೆ ಇಬ್ಬರು ಕೂಡಿ ಯೋಚಿಸಿದರೆ ಏನಾಗುತ್ತದೆ? ಬರ್ಲಿನ್ನಿನ ಶಾರಿಟೆ ವೈದ್ಯಕೀಯ ಕಾಲೇಜಿನ 88 ವಿದ್ಯಾರ್ಥಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಅಳೆಯಿತು. ಉಸಿರಾಟದ ತೊಂದರೆಯಿಂದ ಬಂದ ರೋಗಿಗಳ ಪ್ರಕರಣಗಳನ್ನು ಕಂಪ್ಯೂಟರಿನಲ್ಲಿ ಕೊಟ್ಟು, ಕೆಲವರನ್ನು ಒಂಟಿಯಾಗಿ, ಉಳಿದವರನ್ನು ಜೋಡಿಯಾಗಿ ಕೂರಿಸಿದರು. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರೇ ಆರಿಸಿ, ಫಲಿತಾಂಶ ನೋಡಿ, ಕಾಯಿಲೆ ಯಾವುದೆಂದು ಹೇಳಬೇಕಿತ್ತು. ಒಂಟಿಯಾಗಿ ಕುಳಿತವರು ಅರ್ಧದಷ್ಟು ಪ್ರಕರಣಗಳಲ್ಲಿ ಸರಿಯಾದರು. ಜೋಡಿಗಳು ಸರಿಯಾದದ್ದು ಸುಮಾರು 68 ಶೇಕಡಾ. ಜೋಡಿಗಳಿಗೆ ಹಿಡಿದ ಹೆಚ್ಚುವರಿ ಸಮಯ ಎರಡು ನಿಮಿಷದಷ್ಟು. ಹೊಸ ಉಪಕರಣವಾಗಲಿ, ಹೆಚ್ಚಿನ ಪಾಠವಾಗಲಿ ಇರಲಿಲ್ಲ. ಬದಲಾದದ್ದು ಇಷ್ಟೇ: ಪಕ್ಕದಲ್ಲಿ ಇನ್ನೊಬ್ಬರು ಇದ್ದುದರಿಂದ ಪ್ರತಿ ಹೆಜ್ಜೆಗೂ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಯಿತು, ಹೇಳಿದ್ದನ್ನು ಇನ್ನೊಬ್ಬರು ತೂಗಿ ನೋಡಿದರು.

ಮಾತಾಡಿದರೆ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದಕ್ಕೂ ಪ್ರಯೋಗಗಳ ಆಧಾರವಿದೆ. 1994ರಲ್ಲಿ ಮಿಶೆಲೀನ್ ಚೀ ಮತ್ತು ಸಂಗಡಿಗರು ಎಂಟನೆಯ ತರಗತಿಯ ಮಕ್ಕಳಿಗೆ ರಕ್ತಪರಿಚಲನೆಯ ಪಾಠವೊಂದನ್ನು ಓದಲು ಕೊಟ್ಟರು. ಕೆಲವರು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಂದೊಂದು ವಾಕ್ಯ ಓದಿದ ಮೇಲೂ ಅದರ ಅರ್ಥವೇನೆಂದು ತಮಗೆ ತಾವೇ ವಿವರಿಸಿಕೊಳ್ಳಬೇಕಿತ್ತು. ವಿವರಿಸಿಕೊಂಡ ಮಕ್ಕಳ ತಿಳಿವಳಿಕೆ ಎದ್ದು ಕಾಣುವಷ್ಟು ಮುಂದೆ ಹೋಯಿತು, ಅದರಲ್ಲೂ ನೇರವಾಗಿ ಪಾಠದಲ್ಲಿಲ್ಲದ, ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ. ಅದಕ್ಕೂ ಮೊದಲು, 1989ರಲ್ಲಿ, ನೆದರ್ಲೆಂಡ್ಸಿನ ಹೆಂಕ್ ಶ್ಮಿಟ್ ಮತ್ತು ಸಂಗಡಿಗರು ಇನ್ನೊಂದು ಬಗೆಯ ಪ್ರಯೋಗ ಮಾಡಿದ್ದರು. ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ, ಉಪ್ಪಿನ ದ್ರಾವಣಕ್ಕೆ ಹಾಕಿದರೆ ಮುದುಡುತ್ತದೆ, ಏಕೆ ಎಂದು ಸಣ್ಣ ಗುಂಪುಗಳಿಗೆ ಕೇಳಿದರು. ಉತ್ತರ ಹೇಳಿಕೊಡಲಿಲ್ಲ. ಗುಂಪು ತನಗೆ ತಿಳಿದಷ್ಟರಲ್ಲಿ ಊಹೆ ಕಟ್ಟಿತು, ಎಷ್ಟೋ ಊಹೆಗಳು ತಪ್ಪೇ ಆಗಿದ್ದವು. ಆಮೇಲೆ ಎಲ್ಲರಿಗೂ ಅಭಿಸರಣದ ಬಗ್ಗೆ ಒಂದೇ ಪಾಠ ಓದಲು ಕೊಟ್ಟಾಗ, ಈ ಪ್ರಶ್ನೆಯನ್ನು ಮೊದಲೇ ಚರ್ಚಿಸಿದ್ದವರು ಬೇರೇನನ್ನೋ ಚರ್ಚಿಸಿದ್ದವರಿಗಿಂತ ಹೆಚ್ಚು ನೆನಪಿಟ್ಟುಕೊಂಡರು. ಚರ್ಚೆಯಲ್ಲಿ ಸರಿ ಉತ್ತರ ಸಿಗದಿದ್ದರೂ ಚರ್ಚೆ ವ್ಯರ್ಥವಾಗಲಿಲ್ಲ. ಗೊತ್ತಿದ್ದದ್ದು ಮೇಲೆ ಬಂತು, ಗೊತ್ತಿಲ್ಲದ್ದು ಎಲ್ಲಿದೆ ಎಂದು ಗೊತ್ತಾಯಿತು, ಓದಿಗೆ ಒಂದು ಹುಡುಕಾಟ ಸೇರಿತು.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ನಿಚ್ಚಳವಾಗುತ್ತದೆ. ಭೇದಿಯಾಗಿ ನೀರು ಕಳೆದುಕೊಂಡ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಏಕಿದೆ? ಐದಾರು ವಿದ್ಯಾರ್ಥಿಗಳ ಗುಂಪಿನಲ್ಲಿ ಸಾಮಾನ್ಯವಾಗಿ ಮೊದಲು ಬರುವ ಉತ್ತರ, ಮಗುವಿಗೆ ಶಕ್ತಿ ಸಿಗಲಿ ಎಂದು. ಆಗ ಇನ್ನೊಬ್ಬಳು ಪ್ಯಾಕೆಟ್ಟಿನ ಮೇಲಿನ ಲೆಕ್ಕ ಓದುತ್ತಾಳೆ: ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಅದರಿಂದ ಸಿಗುವುದು 50ರ ಆಸುಪಾಸಿನ ಕ್ಯಾಲೊರಿ. ಮಗುವಿನ ದಿನದ ಅಗತ್ಯಕ್ಕೆ ಅದು ಯಾವ ಮೂಲೆಗೆ? ಶಕ್ತಿಯ ಮಾತು ಅಲ್ಲಿಗೆ ಬಿತ್ತು. ರುಚಿಗಾಗಿ ಇರಬಹುದೇ? ಹಾಗಿದ್ದರೆ ಅಳತೆ ಇಷ್ಟು ಕಟ್ಟುನಿಟ್ಟಾಗಿ ಏಕಿರಬೇಕು? ಮೂರನೆಯವನಿಗೆ ಶರೀರಕ್ರಿಯಾಶಾಸ್ತ್ರದ ಪಾಠ ನೆನಪಾಗುತ್ತದೆ. ಸಣ್ಣ ಕರುಳಿನ ಜೀವಕೋಶಗಳಲ್ಲಿ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಜೊತೆಯಾಗಿ ಒಳಗೆ ಸಾಗಿಸುವ ಪ್ರೋಟೀನ್ ಇದೆ, ಅವುಗಳ ಹಿಂದೆ ನೀರೂ ಒಳಗೆ ಬರುತ್ತದೆ, ಕಾಲರಾದಂಥ ಭೇದಿಯಲ್ಲೂ ಈ ದಾರಿ ಕೆಲಸ ಮಾಡುತ್ತಲೇ ಇರುತ್ತದೆ. ಅಲ್ಲಿಗೆ ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ನಾಲ್ಕನೆಯವಳು ಕೇಳುತ್ತಾಳೆ: ಹಾಗಾದರೆ ಇನ್ನೂ ಹೆಚ್ಚು ಸಕ್ಕರೆ ಹಾಕಿದರೆ ಇನ್ನೂ ಹೆಚ್ಚು ನೀರು ಒಳಗೆ ಬರಬೇಕಲ್ಲ? ಇಡೀ ಚರ್ಚೆಗೆ ಬೆಲೆ ಬರುವುದು ಈ ಪ್ರಶ್ನೆಯಿಂದ. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಕರುಳಿನೊಳಕ್ಕೇ ನೀರನ್ನು ಎಳೆಯುತ್ತದೆ, ಭೇದಿ ಹೆಚ್ಚಾಗುತ್ತದೆ. ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75 ಮಿಲಿಮೋಲ್ ಎಂಬ ಸಮತೂಕ ಸುಮ್ಮನೆ ಬಂದದ್ದಲ್ಲ ಎಂದು ಆಗ ತಿಳಿಯುತ್ತದೆ. ಭೇದಿಯಾದ ಮಗುವಿಗೆ ಸಿಹಿ ಜ್ಯೂಸು, ಸೋಡಾ ಕುಡಿಸಬೇಡಿ ಎಂದು ತಾಯಿಗೆ ಹೇಳುವಾಗ ಆ ವಿದ್ಯಾರ್ಥಿಗೆ ಕಾರಣವೂ ಗೊತ್ತಿರುತ್ತದೆ. ಇದೇ ವಿಷಯವನ್ನು ಲೆಕ್ಚರಿನಲ್ಲಿ ಒಂದೇ ಸ್ಲೈಡಿನಲ್ಲಿ ಮುಗಿಸಬಹುದು. ಆದರೆ ಶಕ್ತಿಗಾಗಿ ಎಂಬ ತಪ್ಪು ನಂಬಿಕೆ ಆ ಸ್ಲೈಡಿನಡಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ, ಏಕೆಂದರೆ ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಅವಕಾಶವೇ ಸಿಕ್ಕಿರುವುದಿಲ್ಲ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಮೇಲಿನ ಗುಂಪಿನಲ್ಲಿ ಒಬ್ಬನಿಗಾದರೂ ಪಾಠ ನೆನಪಿತ್ತು. ಯಾರಿಗೂ ಗೊತ್ತಿಲ್ಲದಿದ್ದರೆ? ಕುರುಡರು ಕುರುಡರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ? ಜಾಣನೊಬ್ಬ ಹೇಳಿದ್ದನ್ನು ಉಳಿದವರು ಒಪ್ಪಿಕೊಂಡರೆ ಅದು ಕಲಿಕೆಯೇ? ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರದ ತರಗತಿಯಲ್ಲಿ ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ಇದೇ ಅನುಮಾನವನ್ನು ಪರೀಕ್ಷೆಗೆ ಒಡ್ಡಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪ್ರಶ್ನೆಗೆ ಮೊದಲು ಒಬ್ಬೊಬ್ಬರೇ ಉತ್ತರಿಸಿದರು, ಬಳಿಕ ಅಕ್ಕಪಕ್ಕದವರೊಡನೆ ಚರ್ಚಿಸಿ ಮತ್ತೆ ಉತ್ತರಿಸಿದರು. ಕೂಡಲೇ ಅದೇ ತತ್ತ್ವದ ಮೇಲಿನ, ಆದರೆ ಮೇಲ್ನೋಟಕ್ಕೆ ಬೇರೆಯಾದ ಇನ್ನೊಂದು ಪ್ರಶ್ನೆಗೆ ಮತ್ತೆ ಒಬ್ಬೊಬ್ಬರೇ ಉತ್ತರಿಸಿದರು. ಮೊದಲ ಸಲ ಅರ್ಧದಷ್ಟು ಮಂದಿ ಸರಿಯಾಗಿದ್ದರೆ, ಎರಡನೆಯ ಪ್ರಶ್ನೆಯ ಹೊತ್ತಿಗೆ ಅದು ಮುಕ್ಕಾಲರ ಹತ್ತಿರ ಬಂದಿತ್ತು. ಬರೀ ನಕಲು ಮಾಡಿದ್ದರೆ ಹೊಸ ಪ್ರಶ್ನೆಯಲ್ಲಿ ಈ ಏರಿಕೆ ಕಾಣುತ್ತಿರಲಿಲ್ಲ. ಆರಂಭದಲ್ಲಿ ಗುಂಪಿನ ಒಬ್ಬರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದ ಕಡೆಯೂ ಮಾತಿನ ಮೂಲಕವೇ ಸರಿದಾರಿ ಹಿಡಿದವರಿದ್ದರು ಎಂದು ಅವರ ವಿಶ್ಲೇಷಣೆ ತೋರಿಸಿತು. ತಪ್ಪು ಕಾರಣಗಳು ಎದುರುಬದುರಾದಾಗ ಒಂದು ಇನ್ನೊಂದರ ಹುಳುಕನ್ನು ಹೊರಗೆಳೆಯುತ್ತದೆ. ಹಾಗೆಂದು ಅಧ್ಯಾಪಕರು ಸುಮ್ಮನಿರಬಹುದೆಂದಲ್ಲ. ಅದೇ ತಂಡ 2011ರಲ್ಲಿ ಮುಂದುವರಿಸಿದ ಅಧ್ಯಯನದಲ್ಲಿ, ಚರ್ಚೆಯೊಂದೇ ಅಥವಾ ಅಧ್ಯಾಪಕರ ವಿವರಣೆಯೊಂದೇ ಇದ್ದಾಗಿನದಕ್ಕಿಂತ, ಚರ್ಚೆಯ ನಂತರ ಅಧ್ಯಾಪಕರ ವಿವರಣೆ ಬಂದಾಗ ಕಲಿಕೆ ಹೆಚ್ಚಾಯಿತು. ಚರ್ಚೆಯಿಂದ ಹದಗೊಂಡ ಮನಸ್ಸಿಗೆ ಅಧ್ಯಾಪಕರ ಮಾತು ಆಳವಾಗಿ ಇಳಿಯುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಗೌರವದಿಂದಲೇ ಎದುರುಗೊಳ್ಳಬೇಕು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ತನ್ನ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ, ಪಾಠ ಮೊದಲು ರೋಗಿ ಆಮೇಲೆ ಎಂಬ ಕ್ರಮವನ್ನೇ ತಿರುಗಿಸಿತು. ವಿದ್ಯಾರ್ಥಿಗಳ ಸಣ್ಣ ಗುಂಪಿಗೆ ಒಂದು ಪ್ರಕರಣ ಕೊಡುವುದು, ಅದನ್ನು ಬಿಡಿಸಲು ಏನೇನು ತಿಳಿಯಬೇಕೆಂದು ಗುಂಪೇ ಪಟ್ಟಿ ಮಾಡುವುದು, ಓದಿಕೊಂಡು ಬಂದು ಮತ್ತೆ ಕೂಡುವುದು. ಹಾವರ್ಡ್ ಬ್ಯಾರೋಸ್‌ರಂಥವರು ಬೆಳೆಸಿದ ಈ ಸಮಸ್ಯೆ ಆಧಾರಿತ ಕಲಿಕೆ 1974ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ಗೆ ಹೋಯಿತು, ಅಲ್ಲಿಂದ ಜಗತ್ತಿಗೆ ಹಬ್ಬಿತು. 2006ರಲ್ಲಿ ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್ ಇದನ್ನು ನೇರವಾಗಿ ಟೀಕಿಸಿದರು. ಹೊಸಬರ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ, ಮಾರ್ಗದರ್ಶನವಿಲ್ಲದೆ ಸಮಸ್ಯೆಗೆ ದೂಡಿದರೆ ಹುಡುಕಾಟದಲ್ಲೇ ಶಕ್ತಿಯೆಲ್ಲ ಸೋರಿಹೋಗಿ ಕಲಿಯಲು ಏನೂ ಉಳಿಯುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ಸತ್ಯವಿದೆ. 43 ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಫಿಲಿಪ್ ಡಾಕಿ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲೂ, ಸಮಸ್ಯೆ ಆಧಾರಿತ ಕಲಿಕೆಯವರು ಜ್ಞಾನವನ್ನು ಬಳಸುವ ಕೌಶಲದಲ್ಲಿ ಮುಂದಿದ್ದರು, ಬರೀ ಮಾಹಿತಿಯ ಪರೀಕ್ಷೆಯಲ್ಲಿ ತುಸು ಹಿಂದಿದ್ದರು, ಆದರೆ ಕಲಿತದ್ದನ್ನು ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದರು. ಇದರಿಂದ ಹೊರಡುವ ತೀರ್ಮಾನ ಚರ್ಚೆ ಬೇಡವೆಂಬುದಲ್ಲ. ಚರ್ಚೆಗೆ ಬುನಾದಿ ಬೇಕು, ಚೌಕಟ್ಟು ಬೇಕು. ಏನೂ ಓದದೆ ಬಂದವರ ನಡುವೆ ನಡೆಯುವುದು ಹರಟೆ. ಓದಿಕೊಂಡು ಬಂದವರ ಮುಂದೆ, ಆ ಓದಿನ ಮಿತಿಯನ್ನು ತೋರಿಸುವ ಪ್ರಶ್ನೆಯಿಟ್ಟಾಗ ನಡೆಯುವುದೇ ಚರ್ಚೆ. ಅಂಥ ಪ್ರಶ್ನೆಯನ್ನು ಸಿದ್ಧಪಡಿಸುವುದು ಲೆಕ್ಚರ್ ತಯಾರಿಸುವುದಕ್ಕಿಂತ ಕಷ್ಟದ ಕೆಲಸ, ಅಧ್ಯಾಪಕರ ವಿದ್ವತ್ತಿಗೆ ನಿಜವಾದ ಪರೀಕ್ಷೆ.

ಮೂರನೆಯ ಆಕ್ಷೇಪ ಗುಂಪಿನ ಸ್ವಭಾವದ ಬಗ್ಗೆ. ಗುಂಪು ಎಂದರೆ ಯಾವಾಗಲೂ ವಿವೇಕವಲ್ಲ. ಜೋರು ದನಿಯವನು ಗೆಲ್ಲುತ್ತಾನೆ, ಮೆತ್ತಗಿನವಳು ಸುಮ್ಮನಾಗುತ್ತಾಳೆ, ಮಿಕ್ಕವರು ಬೇರೆಯವರ ಬೆವರಿನ ಮೇಲೆ ಆರಾಮವಾಗಿರುತ್ತಾರೆ. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟಿಸಿ, ಕೂಗಿಸಿ ಅಳೆದಾಗ, ಗುಂಪು ದೊಡ್ಡದಾದಂತೆ ಒಬ್ಬೊಬ್ಬರ ಪ್ರಯತ್ನ ಕುಗ್ಗುತ್ತ ಹೋದದ್ದು ಕಂಡಿತು. ಇನ್ನೂ ಗಂಭೀರವಾದದ್ದು 1985ರಲ್ಲಿ ಸ್ಟ್ಯಾಸರ್ ಮತ್ತು ಟೈಟಸ್ ತೋರಿಸಿದ ಸಂಗತಿ. ಗುಂಪುಗಳು ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುತ್ತವೆ, ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ ಮೇಲೆ ಬರುವುದು ಕಡಿಮೆ. ವೈದ್ಯರ ತಂಡಗಳಿಗೂ ಈ ದೋಷ ತಪ್ಪಿದ್ದಲ್ಲ. 1990ರ ದಶಕದಲ್ಲಿ ಜೇಮ್ಸ್ ಲಾರ್ಸನ್, ಕ್ಯಾರಿನ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಹಿರಿಯ, ಕಿರಿಯ ವೈದ್ಯರೂ ವಿದ್ಯಾರ್ಥಿಯೂ ಸೇರಿದ ಮೂವರ ತಂಡಗಳಿಗೆ ಒಂದೇ ರೋಗಿಯ ತುಸು ಬೇರೆಬೇರೆ ವಿಡಿಯೊಗಳನ್ನು ತೋರಿಸಿ ಚರ್ಚೆಗೆ ಬಿಟ್ಟಾಗ, ಎಲ್ಲರೂ ಕಂಡ ಲಕ್ಷಣಗಳೇ ಹೆಚ್ಚಾಗಿ, ಬೇಗನೆ ಮಾತಿಗೆ ಬಂದವು. ಇದು ಚರ್ಚೆಯ ವಿರುದ್ಧದ ಸಾಕ್ಷ್ಯವೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಚರ್ಚೆಯನ್ನು ಕಲಿಸಲೇಬೇಕೆಂಬುದಕ್ಕೆ ಇರುವ ಅತ್ಯಂತ ಬಲವಾದ ಸಾಕ್ಷ್ಯವಾಗಿ ಕಾಣುತ್ತದೆ. ಏಕೆಂದರೆ ಆಸ್ಪತ್ರೆಯಲ್ಲಿ ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು ತಂಡವಾಗಿಯೇ ದುಡಿಯುತ್ತಾರೆ, ಅದರಲ್ಲಿ ಆಯ್ಕೆಯೇ ಇಲ್ಲ. ತಂಡದ ಈ ದೋಷವನ್ನು ತಿದ್ದಿಕೊಳ್ಳುವ ಅಭ್ಯಾಸ ಕಾಲೇಜಿನಲ್ಲಿ ಆಗದಿದ್ದರೆ ಅದರ ಬೆಲೆ ತೆರುವವರು ರೋಗಿಗಳು.

ತಿದ್ದುವ ದಾರಿಯೂ ಗೊತ್ತಿರುವಂಥದ್ದೇ. ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆ ಕಲಿಸುತ್ತಿದ್ದ ಲ್ಯಾರಿ ಮೈಕೆಲ್ಸನ್, ತರಗತಿ ದೊಡ್ಡದಾಗಿ ಚರ್ಚೆ ಅಸಾಧ್ಯವೆನಿಸಿದಾಗ 1970ರ ದಶಕದ ಕೊನೆಯಲ್ಲಿ ರೂಪಿಸಿದ ತಂಡ ಆಧಾರಿತ ಕಲಿಕೆ ಇಂದು ಅನೇಕ ವೈದ್ಯಕೀಯ ಕಾಲೇಜುಗಳಲ್ಲಿದೆ. ವಿದ್ಯಾರ್ಥಿಗಳು ಓದಿಕೊಂಡು ಬರುತ್ತಾರೆ. ಮೊದಲು ಒಬ್ಬೊಬ್ಬರೇ ಒಂದು ಸಣ್ಣ ಪರೀಕ್ಷೆ ಬರೆಯುತ್ತಾರೆ. ಬಳಿಕ ಅದೇ ಪ್ರಶ್ನೆಪತ್ರಿಕೆಗೆ ಐದರಿಂದ ಏಳು ಜನರ ತಂಡ ಕೂಡಿ ಉತ್ತರಿಸುತ್ತದೆ. ಎರಡಕ್ಕೂ ಅಂಕವಿದೆ. ಆಮೇಲೆ ಎಲ್ಲ ತಂಡಗಳಿಗೂ ಒಂದೇ ಪ್ರಕರಣ ಕೊಟ್ಟು, ಒಂದೇ ಹೊತ್ತಿಗೆ ತಮ್ಮ ತೀರ್ಮಾನವನ್ನು ಎತ್ತಿ ತೋರಿಸಲು ಹೇಳುತ್ತಾರೆ. ಈ ಕ್ರಮದಲ್ಲಿ ಒಂದೊಂದು ಅಂಶಕ್ಕೂ ಕಾರಣವಿದೆ. ಮೊದಲೇ ಒಂಟಿಯಾಗಿ ಬರೆದುಕೊಟ್ಟವಳು ಜೋರು ದನಿಗೆ ಹೂಂಗುಟ್ಟುವಂತಿಲ್ಲ, ಅವಳ ಉತ್ತರ ಹಾಳೆಯ ಮೇಲಿದೆ. ಓದದೆ ಬಂದವನ ಬಣ್ಣ ಮೊದಲ ಹತ್ತು ನಿಮಿಷದಲ್ಲೇ ಬಯಲಾಗುತ್ತದೆ. ಎಲ್ಲ ತಂಡಗಳೂ ಒಟ್ಟಿಗೆ ಉತ್ತರ ತೋರಿಸುವುದರಿಂದ ಮೊದಲು ಹೇಳಿದವರ ಹಿಂದೆ ಹೋಗುವ ದಾರಿ ಮುಚ್ಚುತ್ತದೆ. ಮೈಕೆಲ್ಸನ್ ಮತ್ತು ಸಂಗಡಿಗರು 222 ತಂಡಗಳ ಅಂಕಗಳನ್ನು 1989ರಲ್ಲಿ ಪರಿಶೀಲಿಸಿದಾಗ, ಹೆಚ್ಚುಕಡಿಮೆ ಎಲ್ಲ ತಂಡಗಳೂ ತಮ್ಮಲ್ಲಿನ ಅತಿ ಜಾಣ ಸದಸ್ಯನ ಅಂಕವನ್ನು ಮೀರಿಸಿದ್ದವು. ತಂಡದ ಅತ್ಯುತ್ತಮ ವಿದ್ಯಾರ್ಥಿಗೂ ಉಳಿದವರಿಂದ ಕಲಿಯುವುದು ಇತ್ತು ಎಂದಾಯಿತು.

ಇಷ್ಟೆಲ್ಲ ಇದ್ದೂ ವಿದ್ಯಾರ್ಥಿಗಳೇ ಇದನ್ನು ಇಷ್ಟಪಡದಿದ್ದರೆ? ಎಷ್ಟೋ ಕಡೆ ಅವರ ದೂರು, ಸರ್ ಪಾಠ ಮಾಡುವುದಿಲ್ಲ, ನಮ್ಮ ಕೈಲೇ ಮಾಡಿಸುತ್ತಾರೆ ಎಂಬುದು. ಈ ದೂರನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೊರಿಯೆ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಬೇರನ್ನು ತೋರಿಸಿದೆ. ಒಂದೇ ವಿಷಯವನ್ನು ಒಂದು ಗುಂಪಿಗೆ ಸೊಗಸಾದ ಲೆಕ್ಚರಿನಲ್ಲಿಯೂ, ಇನ್ನೊಂದಕ್ಕೆ ಗುಂಪಿನಲ್ಲಿ ಬಿಡಿಸುವ ಸಮಸ್ಯೆಗಳ ಮೂಲಕವೂ ಕಲಿಸಿದಾಗ, ಲೆಕ್ಚರ್ ಕೇಳಿದವರು ತಾವು ಹೆಚ್ಚು ಕಲಿತೆವೆಂದು ಹೇಳಿದರು, ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು ಗುಂಪಿನಲ್ಲಿ ಕಷ್ಟಪಟ್ಟವರು. ನುರಿತವರ ಮಾತಿನ ಸರಾಗ ಹರಿವನ್ನು ನಮ್ಮ ತಿಳಿವಳಿಕೆಯೆಂದು ಭ್ರಮಿಸುವುದು ಮನಸ್ಸಿನ ಸಹಜ ಗುಣ. ತಡವರಿಸುವಾಗ ಕಲಿಯುತ್ತಿಲ್ಲವೆಂದು ಅನ್ನಿಸುವುದೂ ಅಷ್ಟೇ ಸಹಜ. ಇದನ್ನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಿ ಹೇಳಬೇಕು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬರೀ ಲೆಕ್ಚರಿನ ತರಗತಿಗಳಲ್ಲಿ ಸುಮಾರು 34 ಶೇಕಡಾ ಫೇಲಾದರೆ, ವಿದ್ಯಾರ್ಥಿಗಳು ತಾವೇ ತೊಡಗಿಕೊಂಡು ಕಲಿಯುವ ತರಗತಿಗಳಲ್ಲಿ ಫೇಲಾದವರು ಸುಮಾರು 22 ಶೇಕಡಾ. ಸಿಲಬಸ್ ಮುಗಿಸಲು ಸಮಯ ಸಾಲದು ಎನ್ನುವವರಿಗೂ ಇದೇ ಉತ್ತರ. ಅಧ್ಯಾಪಕರು ಮುಗಿಸಿದ ಸಿಲಬಸ್ ವಿದ್ಯಾರ್ಥಿಯ ತಲೆಯಲ್ಲಿ ಉಳಿಯದಿದ್ದರೆ ಮುಗಿದದ್ದು ವರ್ಷ ಮಾತ್ರ.

ನಮ್ಮ ದೇಶದ ಮಟ್ಟಿಗೆ ಈ ಮಾತಿಗೆ ನಿಯಮದ ಬೆಂಬಲ ಹೊಸದೇನಲ್ಲ. ಲೆಕ್ಚರುಗಳು ಒಟ್ಟು ವೇಳೆಯ ಮೂರನೆಯ ಒಂದು ಭಾಗವನ್ನು ಮೀರಬಾರದು, ಉಳಿದದ್ದು ಪ್ರಾಯೋಗಿಕ, ಕ್ಲಿನಿಕಲ್ ಮತ್ತು ಗುಂಪು ಚರ್ಚೆಗೆ ಎಂಬುದು ಭಾರತೀಯ ವೈದ್ಯಕೀಯ ಮಂಡಳಿಯ 1997ರ ನಿಯಮಾವಳಿಯಲ್ಲೇ ಇತ್ತು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೆ 150, 200 ಜನ ಕೂರುವ ಗ್ಯಾಲರಿ ಹಾಲಿನಲ್ಲಿ ಒಬ್ಬರೇ ಅಧ್ಯಾಪಕರು ಏನು ಮಾಡಿಯಾರು ಎಂಬ ಪ್ರಶ್ನೆ ನಿಜವಾದದ್ದು. ತಂಡ ಆಧಾರಿತ ಕ್ರಮ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ. ಒಂದೇ ಹಾಲಿನಲ್ಲಿ 30 ತಂಡಗಳು ಕೂತು ಒಂದೇ ಪ್ರಕರಣ ಚರ್ಚಿಸಬಹುದು, 30 ಅಧ್ಯಾಪಕರು ಬೇಕಿಲ್ಲ. ಇದಕ್ಕಿಂತ ಕಡಿಮೆ ಚರ್ಚೆಯಾಗಿರುವ ವಿಷಯ ಭಾಷೆಯದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಇಂಗ್ಲಿಷ್ ಲೆಕ್ಚರಿನಲ್ಲಿ ಕೈಯೆತ್ತಿ ಅನುಮಾನ ಕೇಳುವುದು ಬೆಟ್ಟ ಹತ್ತಿದಷ್ಟು ಕಷ್ಟ. ಐದು ಜನರ ಗುಂಪಿನಲ್ಲಿ ಅವನು ಕನ್ನಡ, ಇಂಗ್ಲಿಷ್ ಬೆರೆಸಿ ಸರಾಗವಾಗಿ ವಾದಿಸುತ್ತಾನೆ, ಅದಕ್ಕೆ ಅವಕಾಶ ಕೊಡಲೇಬೇಕು. ಅವನ ಮುಂದೆ ಬರುವ ರೋಗಿಗಳಲ್ಲಿ ಹೆಚ್ಚಿನವರು ಮಾತಾಡುವುದೂ ಕನ್ನಡವನ್ನೇ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಏಕಿದೆ ಎಂದು ಗೆಳೆಯನಿಗೆ ಕನ್ನಡದಲ್ಲಿ ಮನವರಿಕೆ ಮಾಡಬಲ್ಲವನು ರಾಯಚೂರಿನ ತಾಯಿಗೂ ಮನವರಿಕೆ ಮಾಡಬಲ್ಲ.

ಚರ್ಚೆಯ ವಿಧಾನವನ್ನು ಹೊರಗಿನಿಂದ ಬಂದದ್ದೆಂದು ಅನುಮಾನಿಸುವವರಿಗೆ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ನೆನಪಿಸಬೇಕು. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಮಾತಾಡುವುದನ್ನು ಅದು ತದ್ವಿದ್ಯಸಂಭಾಷೆ ಎಂದು ಕರೆದು, ವೈದ್ಯನ ಜ್ಞಾನ ಬೆಳೆಯುವ, ಸಂದೇಹ ತೀರುವ ಮುಖ್ಯ ದಾರಿಗಳಲ್ಲಿ ಒಂದೆಂದು ಎಣಿಸುತ್ತದೆ. ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಗೆಲ್ಲಲೆಂದೇ ನಡೆಯುವ ವಿಗೃಹ್ಯ ಸಂಭಾಷೆ ಎಂದು ಎರಡು ಬಗೆ ಮಾಡುತ್ತದೆ. ಮೊದಲ ಬಗೆಯಲ್ಲಿ ನಂಬಿಕೆಯಿಂದ ಮಾತಾಡಬೇಕು, ನಂಬಿಕೆಯಿಂದ ಕೇಳಬೇಕು, ಸೋಲಿಗೆ ಹೆದರಬಾರದು, ಎದುರಿನವರು ಸೋತಾಗ ಹಿಗ್ಗಬಾರದು, ಅದನ್ನು ಬೇರೆಯವರ ಮುಂದೆ ಕೊಚ್ಚಿಕೊಳ್ಳಬಾರದು ಎಂಬುದು ಅದರ ನಿಲುವು. ಹೆದರಿಕೆಯಿಲ್ಲದೆ ಮಾತಾಡುವುದರ ಬೆಲೆ ಇಂದಿನ ಆಸ್ಪತ್ರೆಗಳಲ್ಲೂ ಕಾಣುತ್ತದೆ. 1990ರ ದಶಕದಲ್ಲಿ ಎಮಿ ಎಡ್ಮಂಡ್ಸನ್ ಅಮೆರಿಕದ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚಾಗಿ ವರದಿಯಾಗಿದ್ದವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ, ಆದ್ದರಿಂದ ಹೊರಗೆ ಬಂದವು ಎಂಬುದು ಅವರು ಕಂಡುಕೊಂಡ ವಿವರಣೆ. ಚರಕ ಹೇಳಿದ ಕಟ್ಟಳೆಗೂ ಇದಕ್ಕೂ ಇರುವ ನಂಟು ಸ್ಪಷ್ಟ. ವೈವಾದಲ್ಲಿ ತಪ್ಪು ಹೇಳಿದವನನ್ನು ಎಲ್ಲರ ಮುಂದೆ ಹೀಯಾಳಿಸಿ ಬೆಳೆಸಿದರೆ, ಮುಂದೆ ಹೌಸ್ ಸರ್ಜನ್ ಆಗಿ ರಾತ್ರಿ ಪಾಳಿಯಲ್ಲಿ ಅನುಮಾನ ಬಂದಾಗ ಅವನು ಯಾರನ್ನೂ ಕೇಳುವುದಿಲ್ಲ. ಡೋಸ್ ತಪ್ಪಾಗಿದೆ ಎಂದು ಕಂಡ ನರ್ಸ್ ದೊಡ್ಡ ಡಾಕ್ಟರಿಗೆ ಹೇಳಲು ಹಿಂಜರಿಯುತ್ತಾಳೆ.

ಆದ್ದರಿಂದ ಗುಂಪು ಚರ್ಚೆಯನ್ನು ವೇಳಾಪಟ್ಟಿಯ ಒಂದು ಕಾಲಂ ತುಂಬಿಸುವ ಕೆಲಸವಾಗಿ ನೋಡಬಾರದು. ಅದಕ್ಕೆ ಬೇಕಾದ ಕಟ್ಟಳೆಗಳು ಕೆಲವೇ, ಅವನ್ನು ಬಿಡಬಾರದು: ಮೊದಲೇ ಓದಿಸಿ, ಒಂಟಿಯಾಗಿ ಬರೆಸಿ, ಕಾರಣ ಹೇಳದ ಉತ್ತರಕ್ಕೆ ಅಂಕ ಕೊಡಬೇಡಿ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಹೇಳಿಸಿ, ಕೊನೆಯಲ್ಲಿ ಅಧ್ಯಾಪಕರು ಎದ್ದು ನಿಂತು ಸರಿ ಯಾವುದು, ತಪ್ಪು ಎಲ್ಲಿ ಹುಟ್ಟಿತು ಎಂದು ವಿವರಿಸಲಿ. ಪರೀಕ್ಷೆಯೂ ಇದಕ್ಕೆ ಹೊಂದಿಕೊಳ್ಳಬೇಕು. ಕಂಠಪಾಠವನ್ನಷ್ಟೇ ಕೇಳುವ ಪ್ರಶ್ನೆಪತ್ರಿಕೆ ಇರುವವರೆಗೆ ವಿದ್ಯಾರ್ಥಿಗಳು ಚರ್ಚೆಯನ್ನು ಕಾಲಹರಣವೆಂದೇ ಎಣಿಸುತ್ತಾರೆ, ಅವರ ಲೆಕ್ಕ ತಪ್ಪೂ ಅಲ್ಲ. ವೈದ್ಯರಾಗುವವರು ಓದುವ ಕಾಲದಲ್ಲಿ ತಪ್ಪು ಮಾಡಿಯೇ ಮಾಡುತ್ತಾರೆ. ಆ ತಪ್ಪು ಗೆಳೆಯರ ನಡುವೆ, ಹಾಳೆಯ ಮೇಲಿನ ರೋಗಿಯ ವಿಷಯದಲ್ಲಿ ಬಯಲಾದರೆ ಒಂದು ಪಾಠವಾಗುತ್ತದೆ. ಬಾಯಿಗೆ ಬಾರದೆ ತಲೆಯಲ್ಲೇ ಉಳಿದ ಅದೇ ತಪ್ಪು ಮುಂದೊಂದು ದಿನ ವಾರ್ಡಿನಲ್ಲಿ, ಜೀವವಿರುವ ರೋಗಿಯ ಮೇಲೆ ಬಯಲಾಗುತ್ತದೆ. ಈ ಎರಡರಲ್ಲಿ ಯಾವುದು ನಡೆಯಬೇಕೆಂದು ಕಾಲೇಜುಗಳು ಇಂದು ಮಾಡುವ ಆಯ್ಕೆಯಿಂದಲೇ ನಿರ್ಧಾರವಾಗುತ್ತದೆ.